ನಮ್ಮ ರಾಜ್ಯ ಎಲ್ಲಿ ಹೋಯ್ತು?

ಕ್ರಿ.ಪೂ. 4000. ಹೊಳೆಯ ದಂಡೆಯಲ್ಲಿ ನಿಂತಿದ್ದೀರಿ. ಜೊತೆಗಿರುವುದು ಗಂಟುಮೂಟೆ ಕಟ್ಟಿಕೊಂಡ ಒಂದು ವಲಸಿಗರ ಗುಂಪು, ದೊಣ್ಣೆ ಹಿಡಿದ ಒಬ್ಬ ಯೋಧ. ಸುತ್ತ ನಾಲ್ಕಾರು ಆರುಮೂಲೆಯ ಮನೆಗಳಷ್ಟು ನೆಲ ಕಾಣುತ್ತದೆ, ಆಚೆಗೆಲ್ಲ ಹಳೆಯ ಕಾಗದದ ಬಣ್ಣ. ಉತ್ತರಕ್ಕೆ ಎರಡು ಬೆಟ್ಟ, ಹೊಳೆಗೆ ಅಂಟಿಕೊಂಡಂತೆ ಗೋಧಿ, ದಕ್ಷಿಣಕ್ಕೆ ಬರೀ ಮರಳು. ಒಂದು ಕ್ಲಿಕ್ ಮಾಡುತ್ತೀರಿ. ವಲಸಿಗರು ಮಾಯವಾಗಿ ಅಲ್ಲೊಂದು ಊರು ಏಳುತ್ತದೆ. ಆಟ ತಾನಾಗಿ ಇಟ್ಟ ಹೆಸರು ದೆಹಲಿ. ಅದನ್ನು ಅಳಿಸಿ, ಇಂಗ್ಲಿಷ್ ಅಕ್ಷರಗಳಲ್ಲೇ ಆದರೂ ಸರಿ, ಬನವಾಸಿ ಎಂದು ಟೈಪ್ ಮಾಡುತ್ತೀರಿ.

ರಾತ್ರಿ ಒಂಬತ್ತೂವರೆ. ಊಟ ಆಗಿದೆ. ಬೆಳಗ್ಗೆ ಎಂಟೂಕಾಲಿಗೆ ಆಫೀಸಿನ ಕ್ಯಾಬ್ ಬರುತ್ತದೆ. ಒಂದು ಗಂಟೆ ಆಡಿ ಮಲಗಿದರಾಯಿತು ಎಂಬ ಲೆಕ್ಕ ಹಾಕಿಕೊಂಡೇ ಕೂತಿದ್ದೀರಿ. 'ಸಿವಿಲೈಜೇಷನ್' ಆಡುವವರೆಲ್ಲ ಹಾಕುವ ಲೆಕ್ಕ ಅದು. 1991ರಲ್ಲಿ ಸಿಡ್ ಮೈಯರ್ ಮತ್ತು ಬ್ರೂಸ್ ಶೆಲ್ಲಿ ಸೇರಿ ಮೊದಲನೆಯದನ್ನು ಮಾಡಿದಾಗಿನಿಂದ ಯಾರ ಲೆಕ್ಕವೂ ಸರಿಹೋದ ಹಾಗಿಲ್ಲ. ಈಗ ನಿಮ್ಮ ಮುಂದಿರುವುದು ಆರನೆಯದು, 2016ರ ಅಕ್ಟೋಬರಿನಲ್ಲಿ ಬಂದದ್ದು.

ಕೆಲವೇ ಟರ್ನ್, ಅಂದರೆ ಆಟದ ಸರದಿ, ಕಳೆದಿವೆ. ಬೆಟ್ಟದ ಸಂದಿನಿಂದ ಕೆಂಪು ಬಣ್ಣದ ಒಬ್ಬ ಬಾರ್ಬೇರಿಯನ್ ಸ್ಕೌಟ್, ಕಾಡುದಂಡಿನ ಬೇಹುಗಾರ, ಇಣುಕುತ್ತಾನೆ. ಬನವಾಸಿಯನ್ನು ನೋಡಿದ. ಅವನ ತಲೆಯ ಮೇಲೆ ಒಂದು ಆಶ್ಚರ್ಯಸೂಚಕ ಚಿಹ್ನೆ ಎದ್ದು ನಿಲ್ಲುತ್ತದೆ. ಆ ಚಿಹ್ನೆಯ ಅರ್ಥ ಆಡಿದವರಿಗೆಲ್ಲ ಗೊತ್ತು: ಇವನು ತನ್ನ ಠಾಣ್ಯಕ್ಕೆ ವಾಪಸ್ ಮುಟ್ಟಿದರೆ ಅಲ್ಲಿಂದ ಪಡೆ ಹೊರಡುತ್ತದೆ. ಹಿಡಿಯಬೇಕು. ಯೋಧನನ್ನು ಅಟ್ಟುತ್ತೀರಿ. ನಿಮ್ಮ ಯೋಧ ಟರ್ನಿಗೆ ಎರಡು ಮನೆ ನಡೆಯುತ್ತಾನೆ, ಸ್ಕೌಟ್ ಮೂರು. ಗಣಿತ ಅಲ್ಲಿಗೆ ಮುಗಿಯಿತು. ಆದರೂ ಅಟ್ಟುತ್ತೀರಿ, ಕಾಡಿನೊಳಗೆ, ಗುಡ್ಡದ ಮೇಲೆ, ಅವನು ಹಳೆಯ ಕಾಗದದೊಳಗೆ ಕರಗಿಹೋಗುವವರೆಗೆ. ಸ್ವಲ್ಪ ಹೊತ್ತಿಗೆ ಕುದುರೆ ಸವಾರರು ಬರುತ್ತಾರೆ. ಲೋಹ ಕರಗಿಸುವುದನ್ನೇ ಇನ್ನೂ ಕಲಿಯದ ನಿಮ್ಮ ಊರಿನ ಸುತ್ತ ನಾಲ್ಕು ಕುದುರೆ. ಹೊಲ ಹಾಳು, ಗಣಿ ಹಾಳು. ಹೊಸ ಊರು ಕಟ್ಟಲೆಂದು ಹೊರಟಿದ್ದ ಎರಡನೇ ವಲಸಿಗರ ಗುಂಪನ್ನು ಹಿಡಿದುಕೊಂಡೇ ಹೋದರು.

ಮೌಸ್ ಮೆನುವಿನತ್ತ ಹೋಗುತ್ತದೆ. ಹಳೇ ಸೇವ್ ಲೋಡ್ ಮಾಡಲೇ? ಯಾರೂ ನೋಡುತ್ತಿಲ್ಲ. ಮಾಡುತ್ತೀರಿ.

ಈ ಒಂದು ಕ್ಲಿಕ್ಕಿನ ಬಗ್ಗೆ ಆಮೇಲೆ ಮಾತಾಡೋಣ, ಅದು ಮುಖ್ಯ. ಈಗ ಮುಂದೆ ಹೋಗಿ.

ಮರಳುಗಾಡನ್ನು ನೋಡಿದಾಗಲೇ ನಿಮ್ಮ ತಲೆಯಲ್ಲೊಂದು ಯೋಜನೆ ಹುಟ್ಟಿತ್ತು: ಪೆಟ್ರಾ. ಈ ಅದ್ಭುತವನ್ನು ಕಟ್ಟಿದ ಊರಿನ ಒಂದೊಂದು ಮರಳಿನ ಮನೆಗೂ ಎರಡು ಆಹಾರ, ಎರಡು ಹೊನ್ನು, ಒಂದು ಉತ್ಪಾದನೆ ಹೆಚ್ಚು ಸಿಗುತ್ತದೆ. ಯಾರಿಗೂ ಬೇಡದ ನೆಲ ರಾಜ್ಯದ ಕಣಜವಾಗುತ್ತದೆ. ಅದಕ್ಕೆಂದೇ ಮರಳಿನ ನಡುವೆ ಮೂರನೇ ಊರು ಹಾಕಿದ್ದೀರಿ, ಬಾದಾಮಿ ಎಂದು ಹೆಸರಿಟ್ಟಿದ್ದೀರಿ. ಗಣಿತವಿದ್ಯೆ ಕಲಿತಿದ್ದೀರಿ, ಕಾಡು ಕಡಿಸಿದ್ದೀರಿ, ವ್ಯಾಪಾರಿಯನ್ನು ಕಳಿಸಿ ಉತ್ಪಾದನೆ ಏರಿಸಿದ್ದೀರಿ. ಬಂಡೆಯಲ್ಲಿ ಅರ್ಧ ಕೆತ್ತಿದ ಕಂಬಗಳು ತೆರೆಯ ಮೇಲೆ ಕಾಣುತ್ತಿವೆ. ಇನ್ನು ಎರಡು ಟರ್ನ್.

ಟರ್ನ್ ಮುಗಿಸಿ.

ಬಲಗಡೆ ಒಂದು ಸೂಚನೆ ಜಾರಿ ಬರುತ್ತದೆ. ಎಲ್ಲೋ, ನೀವಿನ್ನೂ ನೋಡಿರದ ನಾಡಿನಲ್ಲಿ, ನೀವು ಭೇಟಿಯೇ ಆಗಿರದ ದೊರೆಯೊಬ್ಬ ಪೆಟ್ರಾ ಕಟ್ಟಿ ಮುಗಿಸಿದ್ದಾನೆ. ಜಗತ್ತಿಗೆ ಒಂದೇ ಪೆಟ್ರಾ. ನಿಮ್ಮ ಅರ್ಧ ಕಂಬಗಳು ಅಳಿಸಿಹೋಗುತ್ತವೆ, ಅಲ್ಲಿ ಮತ್ತೆ ಮರಳು. ಬಾದಾಮಿ ಇನ್ನು ಆರು ಸಾವಿರ ವರ್ಷ ಮುಗಿಯುವವರೆಗೂ ಒಣಗಿಕೊಂಡೇ ಇರಬೇಕು.

"ಥೂ!"

ಒಳಗಿನ ಕೋಣೆಯಿಂದ ದನಿ ಬರುತ್ತದೆ. "ಏನ್ರೀ ಅದು? ಇನ್ನೂ ಮಲಗಿಲ್ವಾ?"

"ಏನಿಲ್ಲ ಕಣೇ. ಒಂದೇ ಒಂದು ಟರ್ನು, ಬಂದೆ."

ಹನ್ನೊಂದು ಮುಕ್ಕಾಲು. ಅಷ್ಟರಲ್ಲಿ ತೆರೆಯ ತುಂಬ ಒಂದು ಗಡ್ಡದ ಮುಖ. ನಾರ್ವೆಯ ಹೆರಾಲ್ಡ್ ಹಾರ್ಡ್ರಾಡ. ನಿಮ್ಮ ನೌಕಾಪಡೆ ನೋಡಿದರೆ ಅವನಿಗೆ ನಗು ಬರುತ್ತದಂತೆ. ನಿಮ್ಮ ರಾಜ್ಯಕ್ಕೆ ಸಮುದ್ರವೇ ಇಲ್ಲ. ಇದ್ದ ಒಂದು ಕೆರೆಯಲ್ಲಿ ಮೀನು ಹಿಡಿಯುತ್ತಿದ್ದೀರಿ. ಆದರೆ ಆರನೆಯ ಆಟದಲ್ಲಿ ಪ್ರತಿ ದೊರೆಗೂ ಒಂದೊಂದು ಹಟ ಕಟ್ಟಿಕೊಟ್ಟಿದ್ದಾರೆ. ಹೆರಾಲ್ಡ್‌ನ ಹಟ ಹಡಗು. ಹಡಗು ಇಲ್ಲದವರನ್ನು ಕಂಡರೆ ಅವನಿಗೆ ಆಗದು, ಅವರ ಊರು ಬಯಲುಸೀಮೆಯ ನಡುವಿದ್ದರೂ ಸರಿ. ಕಾಂಗೋದ ಮ್ವೆಂಬಾನದು ಇನ್ನೊಂದು ಬಗೆ. ನೀವು ಧರ್ಮ ಸ್ಥಾಪಿಸಿಯೂ ಅದನ್ನು ಅವನ ಊರುಗಳಿಗೆ ತಲುಪಿಸಲಿಲ್ಲವೆಂದು ಮುನಿಸು. ಪಕ್ಕದ ಇನ್ನೊಬ್ಬ ದೊರೆಯ ಊರಿಗೆ ನಿಮ್ಮ ಪ್ರಚಾರಕರು ಹೋದರೆ ಆ ದೊರೆಗೆ ಸಿಟ್ಟು. ಅವನ ಪ್ರಚಾರಕರೋ, ಹಿಂಡುಹಿಂಡಾಗಿ ನಿಮ್ಮ ಗದ್ದೆಯ ಮೇಲೆಲ್ಲ ನಿಂತಿರುತ್ತಾರೆ. ಯುದ್ಧ ಸಾರದೆ ಸೈನಿಕರಿಂದ ಅವರನ್ನು ಓಡಿಸುವಂತಿಲ್ಲ. ಒಂದು ಮನೆಯಲ್ಲಿ ಎರಡು ಪಡೆ ನಿಲ್ಲುವಂತಿಲ್ಲ ಎಂಬ ನಿಯಮ 2010ರಲ್ಲಿ ಐದನೆಯ ಆಟದ ಜೊತೆ ಬಂತು, ಆರುಮೂಲೆಯ ಮನೆಗಳ ಜೊತೆಗೇ. ಅದಕ್ಕೆ ಮೊದಲು ಒಂದೇ ಚೌಕದ ಮೇಲೆ ಇಪ್ಪತ್ತು ಮೂವತ್ತು ಪಡೆ ಪೇರಿಸಿಕೊಂಡು ಬರುತ್ತಿದ್ದರು, ಅದಕ್ಕೂ ಬಯ್ಯುತ್ತಿದ್ದೆವು. ಪೇರಿಕೆ ಹೋಗಿ ಟ್ರಾಫಿಕ್ ಜಾಮ್ ಬಂತು. ಕಣಿವೆಯ ದಾರಿಯಲ್ಲಿ ನಿಮ್ಮ ಕವಣೆಯಂತ್ರ ನಿಂತಿದೆ, ಅದರ ಹಿಂದೆ ಬಿಲ್ಲಾಳು, ಅವನ ಹಿಂದೆ ಇನ್ನೊಬ್ಬ. ಮುಂದೆ ಯಾರದೋ ಸ್ಕೌಟ್ ಕದಲದೆ ಕೂತಿದ್ದಾನೆ.

ಹೆರಾಲ್ಡ್ ಯುದ್ಧ ಸಾರಿಯೇಬಿಟ್ಟ. ಪಡೆ ನೋಡಿ ಎದೆ ಝಲ್ಲೆನ್ನುತ್ತದೆ: ಗಡಿಯ ಉದ್ದಕ್ಕೂ ಕತ್ತಿಯಾಳುಗಳು, ಬಿಲ್ಲಾಳುಗಳು. ಬಾದಾಮಿಯಲ್ಲಿ ಇರುವುದು ಒಂದು ಗೋಡೆ, ಒಬ್ಬ ಬಿಲ್ಲುಗಾರ. ಮುಗಿಯಿತು ಎಂದುಕೊಳ್ಳುತ್ತೀರಿ. ಆದರೆ ಮುಗಿಯುವುದಿಲ್ಲ. ಕತ್ತಿಯಾಳು ಒಂದು ಹೆಜ್ಜೆ ಮುಂದೆ ಬರುತ್ತಾನೆ, ಗೋಡೆಯಿಂದ ಏಟು ತಿನ್ನುತ್ತಾನೆ, ಹಿಂದೆ ಹೋಗುತ್ತಾನೆ. ಅವನ ಜಾಗಕ್ಕೆ ಬಿಲ್ಲಾಳು ಬರುತ್ತಾನೆ, ಹೊಡೆಯುವುದು ಬಿಟ್ಟು ಪಕ್ಕಕ್ಕೆ ಸರಿಯುತ್ತಾನೆ. ಹತ್ತು ಟರ್ನ್ ಹೀಗೇ. ಒಂದೂವರೆ ಡಜನ್ ಪಡೆಯಿದ್ದರೂ ಕಂಪ್ಯೂಟರಿಗೆ ಗೋಡೆ ಒಡೆಯಲು ಬಾರದು. ಬದುಕಿದಿರಿ. ಆದರೂ ಖುಷಿಯಾಗುವುದಿಲ್ಲ. ಎದುರಾಳಿ ದಡ್ಡನೆಂದು ಗೊತ್ತಾದ ಮೇಲೆ ಗೆಲುವಿಗೆ ರುಚಿಯೆಲ್ಲಿ?

ಹಾಗಾದರೆ ಕಷ್ಟದ ಹಂತ ಆಡಿ ಎನ್ನಬಹುದು. ಅಲ್ಲಿ ಇನ್ನೊಂದು ತಮಾಷೆ ಇದೆ. ಆರನೆಯ ಆಟದಲ್ಲಿ ಸೆಟ್ಲರ್‌ನಿಂದ ಡೀಟಿವರೆಗೆ ಎಂಟು ಹಂತ. ಮೇಲಿನ ಹಂತಕ್ಕೆ ಹೋದರೆ ಎದುರಾಳಿ ಜಾಣನಾಗುವುದಿಲ್ಲ, ಶ್ರೀಮಂತನಾಗುತ್ತಾನೆ. ಡೀಟಿ ಹಂತದಲ್ಲಿ ನೀವು ಒಂದು ವಲಸಿಗರ ಗುಂಪಿನಿಂದ ಶುರುಮಾಡಿದರೆ ಅವನಿಗೆ ಮೂರು. ನಿಮಗೆ ಒಬ್ಬ ಯೋಧ, ಅವನಿಗೆ ಐವರು. ಉತ್ಪಾದನೆಯಲ್ಲೂ ಹೊನ್ನಿನಲ್ಲೂ ಅವನಿಗೆ ಶೇ 80 ಹೆಚ್ಚುವರಿ, ವಿಜ್ಞಾನ ಸಂಸ್ಕೃತಿಗಳಲ್ಲಿ ಶೇ 32. ಚದುರಂಗದಲ್ಲಿ ಎದುರಾಳಿಗೆ ಮೂರು ರಾಣಿ ಕೊಟ್ಟು, ಇವನು ಗ್ರ್ಯಾಂಡ್‌ಮಾಸ್ಟರ್ ಅಂದ ಹಾಗೆ. ನಿಮ್ಮ ಪೆಟ್ರಾ ಎರಡು ಟರ್ನಿನಲ್ಲಿ ಕೈತಪ್ಪಿದ್ದು ಯಾಕೆಂದು ಈಗ ಹೊಳೆದಿರಬೇಕು. ಎರಡೂ ಕಡೆಗೆ ಒಂದೇ ನ್ಯಾಯ ಸಿಗುವುದು ಪ್ರಿನ್ಸ್ ಎಂಬ ನಡುಹಂತದಲ್ಲಿ ಮಾತ್ರ, ಅಲ್ಲಿ ಸ್ವಲ್ಪ ಪಳಗಿದವರಿಗೆ ನಿದ್ದೆ ಬರುತ್ತದೆ.

ಇದು ಹೊಸ ರೋಗವೇನಲ್ಲ. ಮೊದಲ 'ಸಿವಿಲೈಜೇಷನ್' ಆಡಿದವರನ್ನು ಮಾತಾಡಿಸಿ ನೋಡಿ, ಮೂವತ್ತು ವರ್ಷ ಕಳೆದರೂ ಒಂದೇ ಕತೆ ಹೇಳುತ್ತಾರೆ: ನಮ್ಮ ಯುದ್ಧನೌಕೆಯನ್ನು ಈಟಿ ಹಿಡಿದವನು ಮುಳುಗಿಸಿದ. ಆಗಿನ ಕಾಳಗ ಒಂದೇ ಏಟಿನ ಜೂಜು. ಬಲಾಬಲ ನೋಡಿ ದಾಳ ಉರುಳುತ್ತಿತ್ತು, ಒಬ್ಬ ಉಳಿಯುತ್ತಿದ್ದ, ಇನ್ನೊಬ್ಬ ಅಳಿಯುತ್ತಿದ್ದ. 1996ರಲ್ಲಿ ಬಂದ ಎರಡನೆಯ ಆಟದಲ್ಲಿ ಪ್ರತಿ ಪಡೆಗೂ ಪ್ರಾಣಬಲದ ಅಂಕ ಕೊಟ್ಟು ಈಟಿಯವನ ಪವಾಡಗಳನ್ನು ಕಡಿಮೆ ಮಾಡಿದರು. ಆದರೂ ದಾಳದ ಮೇಲಿನ ಸಿಟ್ಟು ತಣಿಯಲಿಲ್ಲ.

ಒಂದು ಕ್ಷಣ ಬನವಾಸಿ ಬಿಟ್ಟು ಸ್ಯಾನ್ ಫ್ರಾನ್ಸಿಸ್ಕೋಗೆ ಬನ್ನಿ. 2010ರ ಮಾರ್ಚ್, ಗೇಮ್ ಡೆವಲಪರ್ಸ್ ಕಾನ್ಫರೆನ್ಸ್. ಸಭಾಂಗಣದಲ್ಲಿ ಕೂತವರೆಲ್ಲ ಆಟ ಮಾಡುವವರೇ. ವೇದಿಕೆಯ ಮೇಲೆ ಸಿಡ್ ಮೈಯರ್, ಆಟಗಾರರ ಮನಸ್ಸಿನ ಬಗ್ಗೆ ಮಾತಾಡುತ್ತಿದ್ದಾರೆ. 'ಸಿವಿಲೈಜೇಷನ್ ರೆವಲ್ಯೂಷನ್' ಪರೀಕ್ಷಿಸುವಾಗ ಕಂಡದ್ದನ್ನು ಹೇಳುತ್ತಾರೆ. ಮೂರಕ್ಕೆ ಒಂದರ ಬಲವಿದ್ದು ಸೋತ ಆಟಗಾರ ದೂರು ತರುತ್ತಾನೆ: ನನ್ನದು ಮೂರು, ಅವನದು ಒಂದು, ಸೋಲೋದು ಹೇಗೆ? ನಾಲ್ಕು ಸಲದಲ್ಲಿ ಒಂದು ಸಲ ಸೋಲಬಹುದು ಎಂದರೆ ಒಪ್ಪುವುದಿಲ್ಲ. ಅದೇ ಆಟಗಾರ ಒಂದಕ್ಕೆ ಮೂರರ ಕಾಳಗದಲ್ಲಿ ಗೆದ್ದರೆ? ಆಗ ದೂರಿಲ್ಲ, ಅದು ಅವನ ಯುದ್ಧತಂತ್ರ. ಎರಡಕ್ಕೆ ಒಂದರಲ್ಲಿ ಸೋಲನ್ನು ಒಪ್ಪಿಕೊಂಡವನೇ ಇಪ್ಪತ್ತಕ್ಕೆ ಹತ್ತರಲ್ಲಿ ಸೋತರೆ ರೇಗುತ್ತಾನೆ, ಇಪ್ಪತ್ತು ದೊಡ್ಡ ಸಂಖ್ಯೆ ಅಲ್ಲವೇ ಎನ್ನುತ್ತಾನೆ. ಕೊನೆಗೆ ಗಣಿತವನ್ನೇ ಆಟಗಾರನ ಮನಸ್ಸಿಗೆ ತಕ್ಕಂತೆ ಬಗ್ಗಿಸಿದರಂತೆ.

ಅದೇ ಭಾಷಣದಲ್ಲಿ ಮೈಯರ್ ಇನ್ನೊಂದು ಸಂಗತಿಯನ್ನೂ ಹೇಳುತ್ತಾರೆ, ಅಷ್ಟಾಗಿ ಯಾರೂ ನೆನಪಿಡದ್ದು. ನಾಗರಿಕತೆಗಳು ಏಳುತ್ತವೆ, ಬೀಳುತ್ತವೆ, ಮತ್ತೆ ಏಳುತ್ತವೆ. ಆಟದಲ್ಲೂ ಆ ಏಳುಬೀಳು ಇದ್ದರೆ ಎಷ್ಟು ಚೆನ್ನ ಎಂಬ ಯೋಚನೆ ಅವರಿಗೆ ಮೊದಲೇ ಇತ್ತು. ಆದರೆ ರಾಜ್ಯ ಬೀಳತೊಡಗಿದ ಕೂಡಲೇ ಆಟಗಾರ ಹಳೇ ಸೇವ್ ಲೋಡ್ ಮಾಡುತ್ತಾನೆ. ಬೀಳುವುದನ್ನು ಕೂತು ಆಡುವ ಮನಸ್ಸು ಅವನಿಗಿಲ್ಲ. ಕುದುರೆ ಸವಾರರು ಬಂದಾಗ ನೀವು ಒತ್ತಿದ ಆ ಕ್ಲಿಕ್ ನೆನಪಿದೆಯಲ್ಲ?

ವಾಪಸ್ ಬನ್ನಿ, ಒಂದೂವರೆಯಾಗಿದೆ. ಕ್ರಿ.ಶ. 1900 ದಾಟಿದೆ. ನಿಮ್ಮದೀಗ ಹದಿನೆಂಟು ಊರು. ಗೆಲ್ಲುವುದು ನೀವೇ ಎಂದು ಯಾವಾಗಲೋ ಖಾತ್ರಿಯಾಗಿದೆ, ಆದರೆ ಆಟ ಅದನ್ನು ಒಪ್ಪಿಕೊಳ್ಳಲು ಇನ್ನೂ ನೂರು ಟರ್ನ್ ಬೇಕು. ಪ್ರತಿ ಟರ್ನಿಗೂ ಕೇಳಿದ್ದನ್ನೇ ಕೇಳುತ್ತದೆ. ಹಳೇಬೀಡಿನಲ್ಲಿ ಏನು ಕಟ್ಟಲಿ? ವ್ಯಾಪಾರಿ ಖಾಲಿ ಕೂತಿದ್ದಾನೆ, ಎಲ್ಲಿಗೆ ಕಳಿಸಲಿ? ಗೂಢಚಾರ ಸಿಕ್ಕಿಬಿದ್ದ, ಏನು ಮಾಡಲಿ? ಉತ್ತರಿಸದೆ ಮುಂದಿನ ಟರ್ನಿನ ಗುಂಡಿ ಬೆಳಗುವುದಿಲ್ಲ. ಲ್ಯಾಪ್‌ಟಾಪ್ ತೊಡೆ ಸುಡುತ್ತಿದೆ, ಫ್ಯಾನು ಕೂಗುತ್ತಿದೆ. ಇಂಥ ಹೊತ್ತಿನಲ್ಲೇ ಬಹಳ ಜನ ಆಟ ಮುಚ್ಚಿ ಮರುದಿನ ಹೊಸ ಆಟ ಶುರುಮಾಡುವುದು. ಆಟ ಮಾಡುವ ಫಿರಾಕ್ಸಿಸ್‌ನವರಿಗೂ ಇದು ಗೊತ್ತಿತ್ತು. ಶುರುಮಾಡಿದ ಆಟಗಳನ್ನು ಆಟಗಾರರು ಮುಗಿಸುವುದೇ ಇಲ್ಲವೆಂದು ಅವರೇ ಹೇಳಿಕೊಂಡಿದ್ದರು.

ಈ ರೋಗಕ್ಕೆ ಮದ್ದೆಂದು ಬಂದದ್ದು ಏಳನೆಯದು, 2025ರ ಫೆಬ್ರವರಿ 11ರಂದು. ಆಗ ಬೆಲೆ ಎಪ್ಪತ್ತು ಡಾಲರ್. ಬನ್ನಿ, ಬಿಡುಗಡೆಯ ದಿನ ಇದ್ದಂತೆ ಅದರೊಳಗೆ ಹೋಗೋಣ.

ದೊರೆ ಬೇರೆ, ನಾಡು ಬೇರೆ ಆರಿಸಬೇಕು. ಬೇಕಾದರೆ ಬೆಂಜಮಿನ್ ಫ್ರಾಂಕ್ಲಿನ್‌ನನ್ನು ಮೌರ್ಯರ ಪಟ್ಟಕ್ಕೆ ಕೂರಿಸಬಹುದು. ನೀವು ಅಶೋಕನನ್ನೇ ಆರಿಸುತ್ತೀರಿ. (ಗಾಂಧಿ ಈ ಸಲ ಬಿಡುಗಡೆಯ ಪಟ್ಟಿಯಲ್ಲಿಲ್ಲ. ಅಣುಬಾಂಬ್ ಹಾಕುವ ಗಾಂಧಿಯ ಕತೆಯನ್ನು ಎಲ್ಲರೂ ಕೇಳಿದ್ದೇವೆ. ಮೊದಲ ಆಟದಲ್ಲಿ ಅಂಥ ದೋಷವೇ ಇರಲಿಲ್ಲವೆಂದು ಮೈಯರ್ 2020ರ ತಮ್ಮ ಆತ್ಮಕತೆಯಲ್ಲಿ ಬರೆದರು.) ನಮಗೆ ಅಶೋಕ ದೂರದವನೇನಲ್ಲ. ದೇವಾನಾಂಪ್ರಿಯನೆಂದರೆ ಅಶೋಕನೇ ಎಂದು ಖಚಿತವಾದದ್ದು 1915ರಲ್ಲಿ ಸಿಕ್ಕ ರಾಯಚೂರು ಜಿಲ್ಲೆಯ ಮಸ್ಕಿ ಶಾಸನದಿಂದ.

ಪ್ರಾಚೀನ ಯುಗ ಚೆನ್ನಾಗಿಯೇ ನಡೆಯುತ್ತದೆ. ಹೇಳಬೇಕಾದ್ದನ್ನು ಹೇಳಬೇಕು: ನಕ್ಷೆ ಕಣ್ಣಿಗೆ ಹಬ್ಬ. ಸೇನಾನಿಯ ಕೈಕೆಳಗೆ ಪಡೆಗಳನ್ನು ತುಂಬಿ ಒಟ್ಟಿಗೆ ಸಾಗಿಸುವ ಏರ್ಪಾಡಿನಿಂದ ಕಣಿವೆಯ ಟ್ರಾಫಿಕ್ ಜಾಮ್ ಕರಗಿದೆ. ಪಕ್ಕದ ರೋಮನ್ನರ ಜೊತೆ ಯುದ್ಧ ಹತ್ತಿದೆ. ಅವರ ರಾಜಧಾನಿಯ ಹೊರಗೋಡೆ ಬಿದ್ದಿದೆ, ಇನ್ನೆರಡು ಟರ್ನಿನಲ್ಲಿ ಊರು ನಿಮ್ಮದು.

ಆದರೆ ಮೇಲೊಂದು ಅಳತೆಪಟ್ಟಿ ತುಂಬುತ್ತಾ ಬಂದಿದೆ. ಬರೀ ಟರ್ನ್‌ಗಳಿಂದ ತುಂಬುವುದಲ್ಲ. ಯಾರು ಯಾವ ಮೈಲಿಗಲ್ಲು ಮುಟ್ಟಿದರೂ ಅದು ಮುಂದಕ್ಕೆ ಜಿಗಿಯುತ್ತದೆ. ಈ ನಡುವೆ ಬಿಕ್ಕಟ್ಟು ಶುರುವಾಗಿದೆ. ತೆರೆಯ ಮೇಲೆ ಕಾರ್ಡುಗಳು ಬಿಚ್ಚಿಕೊಳ್ಳುತ್ತವೆ. ಎಲ್ಲವೂ ಕೆಟ್ಟವೇ, ಒಂದರಲ್ಲಿ ಪ್ರಜೆಗಳ ನೆಮ್ಮದಿ ಕುಸಿತ, ಇನ್ನೊಂದರಲ್ಲಿ ಇನ್ನೇನೋ ನಷ್ಟ. ಯಾವುದೂ ಬೇಡ ಎನ್ನುವಂತಿಲ್ಲ. ನಿಮ್ಮ ಕೈಯಾರೆ ಒಂದನ್ನು ಎತ್ತಿ ಖಾಲಿ ಜಾಗಕ್ಕೆ ಸಿಕ್ಕಿಸಬೇಕು, ಅದೂ ಮತ್ತೆ ಮತ್ತೆ. ಊರುಗಳು ದಂಗೆ ಏಳುತ್ತವೆ.

ಟರ್ನ್ ಮುಗಿಸುತ್ತೀರಿ. ಪಟ್ಟಿ ತುಂಬಿತು. ಯುಗ ಮುಗಿಯಿತು.

ಯುದ್ಧ? ಇಲ್ಲ. ರೋಮಿನ ಮುತ್ತಿಗೆ? ಇಲ್ಲ. ಬಿದ್ದಿದ್ದ ಗೋಡೆ, ಕಾದಿದ್ದ ಪಡೆ, ಎಲ್ಲ ಅಳಿಸಿಹೋಗಿ ತೆರೆ ಒಂದೇ ಪ್ರಶ್ನೆ ಕೇಳುತ್ತದೆ: ಮುಂದಿನ ಯುಗಕ್ಕೆ ಯಾರಾಗುತ್ತೀರಿ? ಮೌರ್ಯರು ಮುಗಿದರು. ಅವರಾಗಿ ಆಡಿದವರಿಗೆ ಚೋಳರ ದಾರಿ ತೆರೆದಿದೆ, ಅದಾದ ಮೇಲೆ ಮೊಘಲರಿದ್ದಾರೆ. ಚಾಲುಕ್ಯರಿಲ್ಲ, ರಾಷ್ಟ್ರಕೂಟರಿಲ್ಲ, ವಿಜಯನಗರವಿಲ್ಲ. ಬಾದಾಮಿ ಹಳೇಬೀಡುಗಳ ಹೆಸರಿಟ್ಟು ಆಡಿದವರು ಕೊನೆಗೆ ಚೋಳರ ಬಾವುಟ ಹಿಡಿಯಬೇಕು; ಕಲ್ಯಾಣದ ಚಾಲುಕ್ಯರು ಕಂಡಿದ್ದರೆ ಏನನ್ನುತ್ತಿದ್ದರೋ. ಐದನೆಯ ಆಟದಲ್ಲಿ ಭಾರತದ ಊರುಗಳ ಪಟ್ಟಿಯಲ್ಲಿ ದೆಹಲಿ, ಮುಂಬೈ ಆದ ಕೂಡಲೇ ವಿಜಯನಗರ ಬರುತ್ತಿತ್ತು, ಮುಂದೆ ಬೆಂಗಳೂರು ಗುಲ್ಬರ್ಗಗಳೂ ಇದ್ದವು. ಪಟ್ಟಿಯಲ್ಲಾದರೂ ಇದ್ದೆವು. ಏಳನೆಯದರಲ್ಲಿ ಊರಿನ ಹೆಸರನ್ನು ನಾವೇ ಬದಲಿಸೋಣವೆಂದರೆ ಬಿಡುಗಡೆಯ ದಿನ ಆ ಸೌಲಭ್ಯವೂ ಇರಲಿಲ್ಲ.

ಹೊಸ ಯುಗ ತೆರೆಯುತ್ತದೆ. ನೀವು ಬೆಳೆಸಿದ ನಗರಗಳಲ್ಲಿ ರಾಜಧಾನಿ ಬಿಟ್ಟು ಮಿಕ್ಕವೆಲ್ಲ ಮತ್ತೆ ಪೇಟೆಗಳಾಗಿವೆ. ಹೊನ್ನು ಸುರಿದು ಮತ್ತೆ ನಗರ ಮಾಡಬೇಕು. ಪಡೆಗಳು ಊರೂರಿಗೆ ಚದುರಿವೆ, ಸೇನಾನಿಯ ಕೈಕೆಳಗೆ ಜಾಗ ಸಿಗದ ಕೆಲವರು ಇಲ್ಲವೇ ಇಲ್ಲ. ಎಲ್ಲರೂ ಒಂದೇ ಗೆರೆಯಿಂದ ಮತ್ತೆ ಓಟ ಶುರುಮಾಡಬೇಕು, ಎಲ್ಲರೂ ಹಡಗು ಕಟ್ಟಿ ಕಡಲಾಚೆಗೆ ಹೋಗಿ ನಿಧಿ ಹೊತ್ತು ತರಬೇಕು. ಹೆರಾಲ್ಡ್ ಇದ್ದಿದ್ದರೆ ಖುಷಿಪಡುತ್ತಿದ್ದ.

ಇಲ್ಲಿ ಸಿಟ್ಟಿನ ಬಣ್ಣವೇ ಬೇರೆ. ಬಾರ್ಬೇರಿಯನ್ನರ ಮೇಲಿನ ಸಿಟ್ಟಿನಲ್ಲಿ ಛಲವಿತ್ತು, ಪೆಟ್ರಾ ತಪ್ಪಿದಾಗಿನ ಸಿಟ್ಟಿನಲ್ಲಿ ಅಸೂಯೆಯಿತ್ತು, ಹೆರಾಲ್ಡ್‌ನ ಮೇಲಿನದರಲ್ಲಿ ನಗುವೂ ಇತ್ತು. ಮೋಸ, ದಡ್ಡತನ, ಕೆಟ್ಟ ದಾಳ ಎಲ್ಲವನ್ನೂ ಆಟಗಾರ ಮೂವತ್ತು ವರ್ಷ ಬಯ್ಯುತ್ತಲೇ ಸಹಿಸಿದ್ದು, ಬೆಟ್ಟದ ಬುಡದಲ್ಲಿ ತಾನು ಹಾಕಿದ ಊರು ಕೊನೆಯವರೆಗೂ ತನ್ನದಾಗಿರುತ್ತದೆ ಎಂಬ ಒಂದೇ ಕಾರಣಕ್ಕೆ. ಯುಗ ಬದಲಾಗುವ ಆ ತೆರೆ ಕಿತ್ತುಕೊಂಡದ್ದು ಅದನ್ನೇ. ಬೀಳುವುದನ್ನು ಆಟಗಾರ ಆಡುವುದಿಲ್ಲ ಎಂದು ಮೈಯರ್ 2010ರಲ್ಲೇ ಹೇಳಿದ್ದರು. ಹದಿನೈದು ವರ್ಷದ ನಂತರ ಅವರದೇ ಕಂಪನಿ ಬೀಳುವುದನ್ನು ಕಡ್ಡಾಯ ಮಾಡಿತು. ಈ ಸಲ ಹಳೇ ಸೇವ್ ಲೋಡ್ ಮಾಡಿದರೂ ಯುಗ ಮುಗಿಯುವುದು ತಪ್ಪುವುದಿಲ್ಲ. ನಾಡು ಬದಲಿಸುವ ಇದೇ ಯೋಚನೆಯನ್ನು 2021ರಲ್ಲಿ 'ಹ್ಯೂಮನ್‌ಕೈಂಡ್' ಎಂಬ ಆಟವೂ ತಂದಿತ್ತು, ಅಲ್ಲೂ ಎದುರಾಳಿ ಯಾರೆಂಬುದೇ ನೆನಪಿರುವುದಿಲ್ಲ ಎಂದು ಜನ ಗೊಣಗಿದ್ದರು. ಕೇಳಿಸಿಕೊಳ್ಳಬಹುದಿತ್ತು.

ಆಟಗಳನ್ನು ಮಾರುವ ಸ್ಟೀಮ್ ತಾಣದಲ್ಲಿ ಮೊದಲ ದಿನಗಳಿಂದಲೇ ಮಿಶ್ರ ಅಭಿಪ್ರಾಯದ ಮುದ್ರೆ ಬಿತ್ತು. ಅರ್ಧಂಬರ್ಧ ಪರದೆಗಳು, ಮಾಹಿತಿ ಹುಡುಕಿದರೂ ಸಿಗದ ಮೆನುಗಳು, ಸ್ಕೌಟ್‌ಗೆ ತಾನಾಗಿ ಸುತ್ತಾಡಿ ಬಾ ಎನ್ನುವ ಗುಂಡಿಯೂ ಇಲ್ಲ. ಎಲ್ಲಕ್ಕಿಂತ ಸೋಜಿಗವೆಂದರೆ, ಗೆದ್ದ ಮೇಲೂ ಆಡುತ್ತ ಕೂರುವ 'ಇನ್ನೊಂದು ಟರ್ನ್' ಸೌಲಭ್ಯವೇ ಬಿಡುಗಡೆಯ ದಿನ ಇರಲಿಲ್ಲ. ಈ ಸರಣಿಯ ಹೆಸರು ಉಳಿದಿರುವುದೇ ಆ ಮಾತಿನ ಮೇಲೆ. ಊರಿನ ಹೆಸರು, ಇನ್ನೊಂದು ಟರ್ನ್, ಸ್ಕೌಟ್‌ನ ಗುಂಡಿ, ಒಂದೊಂದಾಗಿ ಅಪ್‌ಡೇಟ್‌ಗಳಲ್ಲಿ ಬಂದವು. ಯುಗ ಬದಲಾದರೂ ಪಡೆಗಳು ಇದ್ದಲ್ಲೇ ಇರುವ ಆಯ್ಕೆ ಬಂತು. ಒಂದೇ ನಾಡನ್ನು ಮೊದಲಿನಿಂದ ಕೊನೆಯವರೆಗೆ ಆಡುವ ದಾರಿಯನ್ನು ಪರೀಕ್ಷಿಸುತ್ತಿದ್ದೇವೆ ಎಂದು 2025ರ ಕೊನೆಗೆ ಫಿರಾಕ್ಸಿಸ್ ಹೇಳಿತು. ಆಟಗಾರರ ಗೊಣಗಾಟ ಈ ಸರಣಿಯಲ್ಲಿ ಇಷ್ಟು ಕೆಲಸ ಮಾಡಿದ್ದು ಅಪರೂಪ.

ಹೊಸದಾಗಿ ಆಡಬೇಕೆನ್ನುವವರು ಏಳನೆಯದಕ್ಕೆ ಅವಸರ ಮಾಡಬೇಡಿ. ಆರನೆಯದು ರಿಯಾಯಿತಿಯ ದಿನಗಳಲ್ಲಿ ಅಗ್ಗಕ್ಕೆ ಸಿಗುತ್ತದೆ, ಅದನ್ನು ತೆಗೆದುಕೊಳ್ಳಿ. ಪ್ರಿನ್ಸ್ ಹಂತದಲ್ಲಿ ಶುರುಮಾಡಿ. ಮೊದಲ ಇಪ್ಪತ್ತು ಟರ್ನಿನೊಳಗೆ ಒಬ್ಬ ಕವಣೆಯವನನ್ನಾದರೂ ಮಾಡಿಟ್ಟುಕೊಳ್ಳಿ, ಸ್ಕೌಟ್ ಓಡುವಾಗ ತಿರುಗೇಟು ತಿನ್ನದೆ ಹೊಡೆಯಲು ಬೇಕಾಗುತ್ತದೆ. ಮರಳುಗಾಡು ಎಷ್ಟೇ ಕರೆದರೂ ಪೆಟ್ರಾ ನಂಬಿ ಊರು ಹಾಕಬೇಡಿ. ಬೆಳಗ್ಗೆ ಕ್ಯಾಬ್ ಹಿಡಿಯಬೇಕಾದ ದಿನ ಆಟವನ್ನು ತೆರೆಯಲೇಬೇಡಿ.